ಪರಿಮಳದ ಹಾಜರಿ

ಒಳಚರಂಡಿ ಇಲಾಖೆಯ ದೂರು ಶಾಖೆಯಲ್ಲಿ ಮನಸ್ಸಿನ ನೆಮ್ಮದಿ ಕಡ್ಡಾಯವಾದದ್ದು ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ. ಅದಕ್ಕೂ ಮುಂಚೆ ನೌಕರರು ನೆಮ್ಮದಿಯಿಂದ ಇದ್ದರೋ ಇಲ್ಲವೋ ಎಂಬುದಕ್ಕೆ ಕಡತಗಳಲ್ಲಿ ಯಾವ ಆಧಾರವೂ ಸಿಗಲಿಲ್ಲ. ಆದ್ದರಿಂದ ಇರಲಿಲ್ಲವೆಂದೇ ಇಲಾಖೆ ತೀರ್ಮಾನಿಸಿತು.

ಸುತ್ತೋಲೆಯ ಮುಖ್ಯ ಭಾಗ ಹೀಗಿತ್ತು: “ಕೊಳಚೆ, ದುರ್ವಾಸನೆ, ಕಟ್ಟಿಕೊಂಡ ಚರಂಡಿ ಮುಂತಾದವುಗಳ ಬಗ್ಗೆ ದಿನವಿಡೀ ಕೇಳುವುದರಿಂದ ನೌಕರರ ಮನಸ್ಸು ಕದಡುತ್ತಿರುವುದು ಗಮನಕ್ಕೆ ಬಂದಿದೆ. ಚರಂಡಿಗಳನ್ನು ಸರಿಪಡಿಸುವುದು ದೀರ್ಘಕಾಲದ ಕೆಲಸವಾದ್ದರಿಂದ, ತಕ್ಷಣದ ಕ್ರಮವಾಗಿ ಕಚೇರಿಯಲ್ಲಿ ಸುಗಂಧ ತೈಲಗಳನ್ನು ಬಳಸತಕ್ಕದ್ದು. ಈ ದಿನಾಂಕದಿಂದ ಯಾವ ನೌಕರನೂ ಲಿಖಿತ ಅನುಮತಿಯಿಲ್ಲದೆ ಬೇಸರಪಡತಕ್ಕದ್ದಲ್ಲ.”

ದೂರು ಗುಮಾಸ್ತರು ಅದನ್ನು ಎರಡು ಸಲ ಓದಿ, ರುಜು ಹಾಕಿ, ರುಜುವಿನ ಕೆಳಗೆ ದಿನಾಂಕ, ದಿನಾಂಕದ ಕೆಳಗೆ ಗಂಟೆ ಬರೆದರು. ಇಪ್ಪತ್ತಾರು ವರ್ಷದಿಂದ ಅವರು ಹಾಗೆಯೇ ಮಾಡಿಕೊಂಡು ಬಂದಿದ್ದರು. ಹನ್ನೆರಡನೇ ವಯಸ್ಸಿನಲ್ಲಿ ಬಂದ ಜ್ವರವೊಂದು ಅವರ ಮೂಗಿನ ಶಕ್ತಿಯನ್ನು ಪೂರ್ತಿ ತೆಗೆದುಕೊಂಡು ಹೋಗಿತ್ತು. ಮೂಗು ಉಳಿದಿತ್ತು, ಕನ್ನಡಕ ಕೂರಿಸಲು. ವಾಸನೆಯೇ ಬಾರದ ಮನುಷ್ಯ ಒಳಚರಂಡಿಯ ದೂರು ಕಿಟಕಿಗೆ ದೇವರು ಕೊಟ್ಟ ವರ ಎಂದು ಇಲಾಖೆ ಅವರನ್ನು ಕೆಲಸಕ್ಕೆ ಸೇರಿದ ದಿನವೇ ಹಿಡಿದು ಕೂರಿಸಿತ್ತು. ಜನ ತಮ್ಮ ಬೀದಿಯ ಚರಂಡಿ ನೀರನ್ನು ಸಾಕ್ಷಿಗೆಂದು ಸೀಸೆಯಲ್ಲಿ ತುಂಬಿಕೊಂಡು ಬರುತ್ತಿದ್ದರು. ಗುಮಾಸ್ತರು ಮುಚ್ಚಳ ತೆಗೆದು, ಬಣ್ಣ ನೋಡಿ, ಮುಚ್ಚಳ ಹಾಕಿ, ಚೀಟಿ ಅಂಟಿಸುತ್ತಿದ್ದರು. ಅಕ್ಕಪಕ್ಕದವರು ಆ ಹೊತ್ತಿಗೆ ಕಾಫಿಗೆ ಎದ್ದು ಹೋಗಿರುತ್ತಿದ್ದರು.

ಇಷ್ಟು ವರ್ಷದಲ್ಲಿ ಅವರು ಒಂದು ದಿನವೂ ತಡವಾಗಿ ಬಂದವರಲ್ಲ. ಕಚೇರಿಯ ಪೆನ್ಸಿಲಿನಲ್ಲಿ ಮನೆಯ ಸಾಮಾನಿನ ಪಟ್ಟಿ ಬರೆದವರಲ್ಲ. ಮಂಜೂರಾಗದ ರಜೆ ಅವರ ಪಾಲಿಗೆ ಕಳ್ಳತನ. ಮಂಜೂರಾದ ರಜೆ ಕೂಡ ಸಾಲ ತೆಗೆದುಕೊಂಡ ಹಾಗೆ.

ಈ ಗುಣದಿಂದ ನಷ್ಟವಾದದ್ದು ಅವರ ಹೆಂಡತಿಗೆ. ಮದುವೆಯಾದ ವಾರವೇ “ನಿನಗೆ ಸಮುದ್ರ ತೋರಿಸ್ತೀನಿ” ಎಂದು ಗುಮಾಸ್ತರು ಮಾತು ಕೊಟ್ಟಿದ್ದರು. ಹನ್ನೊಂದು ಸಲ ಹೊರಡುವುದೆಂದಾಗಿತ್ತು, ಹನ್ನೊಂದು ಸಲವೂ ಕಚೇರಿಯಲ್ಲಿ ಏನಾದರೊಂದು ಕಟ್ಟಿಕೊಂಡಿತ್ತು. ಈ ನಡುವೆ ಆಕೆಯ ತಂಗಿ ಸಮುದ್ರ ನೋಡಿ ಬಂದು ಒಂದು ಚಿಪ್ಪು ತಂದುಕೊಟ್ಟಿದ್ದಳು. ಹೆಂಡತಿ ಅದನ್ನು ಹಾಲಿನ ಚೀಟಿಗಳ ಮೇಲೆ ಭಾರಕ್ಕೆ ಇಟ್ಟಿದ್ದಳು. ಕೈ ಬಿಡುವಾದಾಗ ಎತ್ತಿ ಕಿವಿಗೆ ಹಿಡಿದುಕೊಂಡು, ಗಂಡನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು.

ಹನ್ನೆರಡನೇ ಸಲಕ್ಕೆ ಆಕೆಯೇ ಹೋಗಿ ಮುಂದಿನ ತಿಂಗಳ ಎರಡನೇ ಗುರುವಾರದ ರೈಲಿಗೆ ಎರಡು ಟಿಕೆಟ್ ತಂದಳು. ಪೆಟ್ಟಿಗೆಯನ್ನು ಅಂದೇ ತುಂಬಿ ಬಾಗಿಲ ಹತ್ತಿರ ಇಟ್ಟಳು.

“ರೀ, ಎರಡು ಸೀಟು ತಗೊಂಡಿದೀನಿ. ಒಂದರಲ್ಲಿ ನಾನು ಕೂತಿರ್ತೀನಿ. ಇನ್ನೊಂದರಲ್ಲಿ ಯಾರು ಕೂರ್ತಾರೋ ಅದು ನಿಮಗೆ ಬಿಟ್ಟಿದ್ದು.”

ಎಂಟು ದಿನದ ರಜೆಗೆ ಅರ್ಜಿ ಬರೆಯಲು ಗುಮಾಸ್ತರು ಹಾಳೆ ತೆಗೆದಿದ್ದರು. ಅಷ್ಟರಲ್ಲೇ ಈ ಸುತ್ತೋಲೆ.

ಮಂಗಳವಾರ ಪರಿಮಳ ಸಲಹೆಗಾರರು ಬಂದರು. ಅವರು ಮೇಲಧಿಕಾರಿಯ ಭಾವಮೈದುನ. ಹಿಂದಿನ ತಿಂಗಳವರೆಗೆ ನೆಲ ಒರೆಸುವ ದ್ರಾವಣ ಮಾರುತ್ತಿದ್ದುದರಿಂದ ಅವರಿಗೆ ಪರಿಮಳದ ಅನುಭವವಿತ್ತು, ಡಬ್ಬಗಳೂ ಉಳಿದಿದ್ದವು. ಬಿಳಿ ನಿಲುವಂಗಿ ತೊಟ್ಟು, ತಗ್ಗಿದ ದನಿಯಲ್ಲಿ, ಪ್ರತಿ ನೌಕರನ ಮೂಗಿಗೂ ಹತ್ತಿ ಸುತ್ತಿದ ಕಡ್ಡಿ ಹಿಡಿದು ಪರೀಕ್ಷೆ ಮಾಡಿದರು.

ಮೊದಲಿಗೆ ಅಧೀಕ್ಷಕರು. ಅವರು ಕಣ್ಣು ಮುಚ್ಚಿ ಉಸಿರೆಳೆದು, “ನಮ್ಮಮ್ಮ ನೆನಪಾದ್ರು” ಎಂದು ಕರವಸ್ತ್ರ ತೆಗೆದರು. ಅವರ ತಾಯಿ ಆಗ ತಾನೇ ಕಚೇರಿಗೆ ಊಟದ ಡಬ್ಬಿ ಕೊಟ್ಟು ಹೋಗಿದ್ದರು. ಅಶಾಂತಿ ಅಂಕ, ಅರವತ್ತು. ಆಮೇಲೆ ಟೈಪಿಸ್ಟ್ ಅಕ್ಕ. ಆಕೆ ಐದು ಸಲ ಸೀನಿದಳು.

“ಐದು ಸೀನು, ಐದು ಸಿಟ್ಟು. ಒಳಗೆ ಮಡಗಿಟ್ಟಿದ್ದು ಹೊರಗೆ ಬಂತು. ಯಾರ ಮೇಲೆ, ಹೇಳಮ್ಮ?” ಎಂದು ಕೇಳಿದರು ಸಲಹೆಗಾರರು.

“ನೆಗಡಿ ಸಾರ್.”

“ನೆಗಡಿ ಮೇಲೆ ಸಿಟ್ಟು,” ಎಂದು ಬರೆದುಕೊಂಡು ಎಪ್ಪತ್ತು ಅಂಕ ಕೊಟ್ಟರು.

ಗುಮಾಸ್ತರ ಸರದಿ ಬಂತು. ಒಂದಾದ ಮೇಲೊಂದು ಹದಿನೆಂಟು ಕಡ್ಡಿ ಮೂಗಿನಡಿ ಬಂದು ನಿಂತವು.

“ಏನನ್ನಿಸ್ತಿದೆ?”

“ಏನೂ ಇಲ್ಲ.”

“ನೆನಪು, ಭಯ, ದುಃಖ?”

“ಏನೂ ಇಲ್ಲ. ನನಗೆ ವಾಸನೆ ಬರಲ್ಲ ಸ್ವಾಮಿ, ಹನ್ನೆರಡನೇ ವಯಸ್ಸಲ್ಲಿ ಜ್ವರ ಬಂದು...”

ಸಲಹೆಗಾರರು ಕಡ್ಡಿಯನ್ನು ಕೆಳಗಿಟ್ಟು ಎದ್ದು ನಿಂತರು. “ಹದಿನೆಂಟು ತೈಲ ತೋರಿಸ್ದೆ. ಒಂದಕ್ಕೂ ಅಲುಗಾಡಲಿಲ್ಲ ಈ ಮಹಾನುಭಾವರು. ಏನೂ ಅನ್ನಿಸದೇ ಇರೋದು ಅಂದ್ರೆ ಅದು ಪರಮ ಶಾಂತಿ!”

“ಅದಲ್ಲ, ಜ್ವರ ಬಂದು...”

“ವಿನಯ ಬೇರೆ,” ಎಂದರು ಸಲಹೆಗಾರರು. ಅಶಾಂತಿ ಅಂಕ, ಸೊನ್ನೆ.

ಸುತ್ತೋಲೆಯ ಅನುಬಂಧದಲ್ಲಿ ರಜೆಯ ವಿಷಯವಿತ್ತು. ರಜೆಯ ಉದ್ದೇಶ ಮನಸ್ಸಿಗೆ ವಿಶ್ರಾಂತಿ. ಆದ್ದರಿಂದ ಅಶಾಂತಿ ಅಂಕ ನಲವತ್ತಕ್ಕಿಂತ ಕಡಿಮೆ ಇರುವವರಿಗೆ ರಜೆಯ ಅವಶ್ಯಕತೆ ಉದ್ಭವಿಸುವುದಿಲ್ಲ. ಗುಮಾಸ್ತರ ಅರ್ಜಿಯನ್ನು ಅಧೀಕ್ಷಕರು ಬೆಳಕಿಗೆ ಹಿಡಿದು ನೋಡಿದರು.

“ಅಕ್ಷರ ನೋಡಿ, ಮುತ್ತು ಪೋಣಿಸಿದ ಹಾಗಿದೆ. ಇದು ರಜೆ ಬೇಕಾದ ಮನುಷ್ಯನ ಅಕ್ಷರವೇನ್ರೀ? ಸಮುದ್ರಕ್ಕೆ ಜನ ಯಾತಕ್ಕೆ ಹೋಗ್ತಾರೆ?”

“ನೋಡೋದಕ್ಕೆ ಸಾರ್.”

“ನೆಮ್ಮದಿಗೆ. ನಿಮ್ಮ ಹತ್ರ ಅದು ದಂಡಿಯಾಗಿದೆ.”

“ನನಗಲ್ಲ ಸಾರ್, ಮನೆಯವಳಿಗೆ ನೋಡ್ಬೇಕಂತೆ.”

“ಅವರು ನಮ್ಮ ನೌಕರರಲ್ಲ.” ಆದರೂ ಅಧೀಕ್ಷಕರು ಕಲ್ಲೆದೆಯವರಲ್ಲ. ಸಲಹೆಗಾರರಿಗೆ ಹೇಳಿ, ಪ್ರವಾಸಕ್ಕೆ ಬದಲಾಗಿ ಒಂದು ಸೀಸೆ ಕೊಡಿಸಿದರು. ಮೇಲೆ ‘ಸಮುದ್ರದ ಗಾಳಿ, ಎಂಟು ದಿನಕ್ಕೆ’ ಎಂದು ಬರೆದಿತ್ತು. ಬಳಕೆಯ ಕ್ರಮ: ದಿನಕ್ಕೆ ಮೂರು ಹನಿ, ಕಿಟಕಿಯ ಕಡೆಗೆ ಮುಖ ಮಾಡಿ.

ಗುಮಾಸ್ತರು ಅದನ್ನು ಜೋಪಾನವಾಗಿ ಮನೆಗೆ ತಂದು ಹೆಂಡತಿಯ ಕೈಗಿಟ್ಟು, ಇಲಾಖೆಯ ವಾದವನ್ನು ಮೊದಲಿಂದ ಕಡೆಯವರೆಗೆ ಒಂದಕ್ಷರ ಬಿಡದೆ ವಿವರಿಸಿದರು. ಆಕೆ ಮುಚ್ಚಳ ತೆಗೆದು ಮೂಸಿದಳು. ಆಮೇಲೆ ಬಚ್ಚಲಿಗೆ ಹೋಗಿ, ಬಕೆಟ್ಟು ತಂದು, ಸೀಸೆಯನ್ನು ಪೂರ್ತಿ ಬಗ್ಗಿಸಿ, ನಡುಮನೆಯ ನೆಲ ಒರೆಸಲು ಕೂತಳು.

“ಅದು ಎಂಟು ದಿನಕ್ಕೆ ಕಣೇ.”

“ಕಾಲೆತ್ತಿ.”

ನೆಲ ಚೆನ್ನಾಗಿ ಹೊಳೆಯಿತು. ಸಲಹೆಗಾರರಿಗೆ ತಮ್ಮ ಸರಕಿನ ಗುಣ ಗೊತ್ತಿತ್ತು ಎನ್ನುವುದರಲ್ಲಿ ಅನುಮಾನವಿಲ್ಲ.

“ಗುರುವಾರದ ರೈಲು ನೆನಪಿದೆ ತಾನೆ?” ಎಂದಳು ಹೆಂಡತಿ, ಬಟ್ಟೆ ಹಿಂಡುತ್ತ. ದನಿಯಲ್ಲಿ ಜಗಳವಿರಲಿಲ್ಲ. ಗುಮಾಸ್ತರಿಗೆ ಹೆದರಿಕೆಯಾದದ್ದೇ ಅದಕ್ಕೆ.

ಟೈಪಿಸ್ಟ್ ಅಕ್ಕ ಉಪಾಯ ಹೇಳಿಕೊಟ್ಟಳು. “ಅಣ್ಣಾ, ಒಂದು ಸಲ ಕೂಗಾಡಿಬಿಡಿ. ಒಂದು ಫೈಲು ಬಿಸಾಕಿ. ಅಂಕ ತಾನಾಗೇ ಏರುತ್ತೆ. ನಾನು ದಿನಾ ಮಾಡ್ತೀನಿ, ನನ್ನ ರಜೆ ನೋಡಿ ಹೆಂಗೆ ಮಂಜೂರಾಗುತ್ತೆ.”

ಗುಮಾಸ್ತರು ಮೂರು ದಿನ ಮನಸ್ಸು ಗಟ್ಟಿ ಮಾಡಿಕೊಂಡರು. ನಾಲ್ಕನೇ ದಿನ, ಕಿಟಕಿಯಲ್ಲಿ ಸಾರ್ವಜನಿಕರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, “ನನಗೆ ಕೋಪ ಬಂದಿದೆ” ಎಂದರು. ಬಿಸಾಕುವುದಕ್ಕೆಂದು ಎತ್ತಿದ ಫೈಲಿನ ದಾರ ಬಿಚ್ಚಿದ್ದು ಕಂಡು, ಅದನ್ನು ಕಟ್ಟಿ, ಇದ್ದಲ್ಲೇ ಇಟ್ಟರು.

ಅಧೀಕ್ಷಕರ ಕಣ್ಣಲ್ಲಿ ನೀರು ಬಂತು. “ಕೋಪವನ್ನೂ ಎಷ್ಟು ಸಮಾಧಾನದಿಂದ ತಿಳಿಸಿದರು!” ಎಂದು ವರದಿ ಬರೆದರು. ಅಶಾಂತಿ ಅಂಕ ಸೊನ್ನೆಗಿಂತ ನಾಲ್ಕು ಕೆಳಗೆ ಇಳಿಯಿತು. ಗುಮಾಸ್ತರನ್ನು ಮಾದರಿ ನೌಕರರೆಂದು ಸಾರಿ, ಬಹುಮಾನವಾಗಿ ಅವರ ಮೇಜಿನ ಮೇಲೆ ಒಂದು ಪರಿಮಳ ಯಂತ್ರವನ್ನು ಸ್ಥಾಪಿಸಲಾಯಿತು.

ಯಂತ್ರ ಬಿಳಿ ಬಣ್ಣದ್ದು, ಸಣ್ಣ ಬಿಂದಿಗೆಯಷ್ಟು ದಪ್ಪ, ಮೇಲೊಂದು ಮೊಂಡು ಮೂತಿ. ಒಳಗೆ ನೀರು ಹಾಕಿ ಎಣ್ಣೆ ತೊಟ್ಟಿಕ್ಕಿಸಿದರೆ ಮೂತಿಯಿಂದ ಆವಿ ಬರುತ್ತಿತ್ತು, ಹಸಿರು ದೀಪ ಉರಿಯುತ್ತಿತ್ತು. ನೀರು ಮುಗಿದರೆ ಕುಂಯ್ ಎನ್ನುತ್ತಿತ್ತು. ಅದರಲ್ಲಿ ಗುಮಾಸ್ತರಿಗೆಂದೇ ಗೊತ್ತುಮಾಡಿದ ತೈಲ, ಅಂದರೆ ಲ್ಯಾವೆಂಡರಿಗೆ ಸ್ವಲ್ಪ ನಿಂಬೆ ಸೇರಿಸಿದ್ದು, ಹಾಕಲಾಗಿತ್ತು. ಇಲಾಖೆ ಹೇಳಿದ ಹಾಗೆ ಗುಮಾಸ್ತರು ದಿನಾ ಎರಡು ಲೋಟ ನೀರು ತುಂಬುತ್ತಿದ್ದರು.

ಯಂತ್ರವನ್ನು ಮೊದಲು ಮೆಚ್ಚಿಕೊಂಡವರು ಬುಧವಾರದ ಅಜ್ಜಿ. ಹಿತ್ತಲ ಬೀದಿಯ ಕೊನೆಯ ಮನೆ ಅವರದು. ಬಾಗಿಲೆದುರಿನ ಚರಂಡಿ ಕಟ್ಟಿಕೊಂಡು ಎರಡು ವರ್ಷವಾಗಿ, ಪ್ರತಿ ಬುಧವಾರ ಕಿಟಕಿಗೆ ಬಂದು ಬೈದು ಹೋಗುತ್ತಿದ್ದರು. ಈ ಬುಧವಾರ ಬಾಯಿ ತೆರೆದವರು ಆವಿಯನ್ನು ನೋಡುತ್ತ ಹಾಗೇ ನಿಂತುಬಿಟ್ಟರು.

“ಇದೇನಪ್ಪಾ ಇದು?”

“ಮನಸ್ಸಿನ ನೆಮ್ಮದಿಗೆ ಅಜ್ಜಿ,” ಎಂದರು ಗುಮಾಸ್ತರು.

“ನನ್ನ ಚರಂಡಿ?”

“ಅದು ದೀರ್ಘಕಾಲದ ಕೆಲಸ.”

ಅಜ್ಜಿ ಸ್ಟೂಲು ಎಳೆದುಕೊಂಡು ಯಂತ್ರದ ಮುಂದೆ ಕೂತು, ಎರಡು ವರ್ಷದ ಕತೆಯನ್ನು ಅದಕ್ಕೇ ಹೇಳಿದರು. ಸೊಸೆಯ ಮಾತೂ ನಡುವೆ ಬಂತು. ಯಂತ್ರ ಬಾಯಿ ಹಾಕಲಿಲ್ಲ. “ನಿನಗಿಂತ ಇದೇ ವಾಸಿ ಕಣಪ್ಪಾ,” ಎಂದು ಎದ್ದು ಹೋದರು. ಅವರ ಕಡತದ ಮೇಲೆ ಅಧೀಕ್ಷಕರು, ‘ದೂರುದಾರರು ಶಾಂತರಾಗಿದ್ದಾರೆ, ಮುಕ್ತಾಯಗೊಳಿಸಿದೆ’ ಎಂದು ಬರೆದರು. ಚರಂಡಿಗೆ ಈ ವಿಷಯ ತಿಳಿಸಿರಲಿಲ್ಲ. ಅದು ಕಟ್ಟಿಕೊಂಡೇ ಇತ್ತು.

ಅದೇ ವಾರ ಹಾಜರಿ ಪುಸ್ತಕವನ್ನು ರದ್ದು ಮಾಡಲಾಯಿತು. ತಡವಾಗಿ ಬಂದವರಿಗೆ ಪುಸ್ತಕ ಕಂಡರೆ ಎದೆ ಡವಗುಟ್ಟುತ್ತದೆ ಎಂಬುದು ಸಲಹೆಗಾರರ ಸಂಶೋಧನೆ. ಬದಲಿಗೆ ಪರಿಮಳ ಹಾಜರಿ, ಒಬ್ಬೊಬ್ಬ ನೌಕರನಿಗೂ ಒಂದೊಂದು ತೈಲ. ಬೆಳಿಗ್ಗೆ ಹತ್ತೂವರೆಗೆ ಅಧೀಕ್ಷಕರು, ಪಕ್ಷಪಾತವಾಗಬಾರದೆಂದು ಕಣ್ಣು ಮುಚ್ಚಿಕೊಂಡು, ಮೇಜಿಂದ ಮೇಜಿಗೆ ಮೂಸುತ್ತ ಬರತಕ್ಕದ್ದು. ಯಾವ ಮೇಜಿನಲ್ಲಿ ಯಾರ ಪರಿಮಳವೋ ಅವರು ಹಾಜರು.

ಎರಡನೇ ದಿನದ ಹೊತ್ತಿಗೆ ಕುರ್ಚಿಗಳ ಬೆನ್ನಿಗೆ ಕರವಸ್ತ್ರಗಳು ನೇತಾಡತೊಡಗಿದವು. ಒಂದೊಂದಕ್ಕೂ ಎರಡೆರಡು ಹನಿ. ಕರವಸ್ತ್ರಗಳ ಒಡೆಯರು ಮನೆಯಲ್ಲಿ ನೆಮ್ಮದಿಯಿಂದಿದ್ದರು. ಯೋಜನೆಯ ಉದ್ದೇಶವೂ ಅದೇ ಆಗಿತ್ತು. ಕೋಣೆಯಲ್ಲಿ ಉಳಿದವರು ಗುಮಾಸ್ತರು, ಮತ್ತು ಮನೆಯಲ್ಲಿ ಅತ್ತೆ ಬಂದಿದ್ದಾರೆಂಬ ಕಾರಣಕ್ಕೆ ಟೈಪಿಸ್ಟ್ ಅಕ್ಕ.

ಅಧೀಕ್ಷಕರು ಮೂಸುತ್ತ ಗುಮಾಸ್ತರ ಮೇಜಿಗೆ ಬಂದರು. ಯಂತ್ರದ ಮುಂದೆ ನಿಂತು ನೀಳವಾಗಿ ಉಸಿರೆಳೆದರು. “ದೂರು ಗುಮಾಸ್ತರು, ಹಾಜರ್,” ಎಂದು ಪಟ್ಟಿಯಲ್ಲಿ ಬರೆದುಕೊಂಡರು. ಒಂದು ಹೆಜ್ಜೆ ಮುಂದಿಟ್ಟು ಯಾರಿಗೋ ಡಿಕ್ಕಿ ಹೊಡೆದರು. ಮೂಸಿದರು. “ಇದ್ಯಾರು? ವಾಸನೆಯೇ ಇಲ್ಲ. ಸಾರ್ವಜನಿಕರು ಕಿಟಕಿ ಆಚೆ ನಿಲ್ಬೇಕು.”

“ನಾನು ಸಾರ್.”

ಅಧೀಕ್ಷಕರು ಕಣ್ಣು ಬಿಟ್ಟರು. “ಓ, ನೀವಾ. ಎಣ್ಣೆ ಹಚ್ಕೊಂಡಿಲ್ವಾ?”

“ಹಚ್ಕೊಂಡೆ ಅಂದ್ಕೊಂಡಿದ್ದೆ. ನನಗೆ ಗೊತ್ತಾಗಲ್ಲ ಸಾರ್.”

“ಛೆ. ಆದ್ರೆ ಬರೆದಾಯ್ತಲ್ಲ, ಶಾಯಿಯಲ್ಲಿ. ಒಬ್ಬರೇ ನೌಕರರನ್ನ ಎರಡು ಸಲ ಹಾಜರು ಮಾಡೋದು ಅಪರಾಧ.” ಅವರು ಯೋಚಿಸಿ, ಗುಮಾಸ್ತರಿಗೆ ಸಂದರ್ಶಕರ ಚೀಟಿ ಬರೆದುಕೊಟ್ಟರು. ಮರುದಿನದಿಂದ ಗುಮಾಸ್ತರು ಬೆಳಿಗ್ಗೆ ಹತ್ತಕ್ಕೆ ಬಂದು, ಚೀಟಿ ಪಡೆದು, ಭೇಟಿಯ ಉದ್ದೇಶ ಎಂಬಲ್ಲಿ ‘ಕೆಲಸ’ ಎಂದು ಬರೆದು, ಸಂಜೆಯವರೆಗೆ ದುಡಿದು, ಚೀಟಿ ಹಿಂದಿರುಗಿಸಿ ಹೋಗುತ್ತಿದ್ದರು.

ಗುರುವಾರಕ್ಕೆ ಹತ್ತು ದಿನ ಉಳಿಯಿತು. ಟೈಪಿಸ್ಟ್ ಅಕ್ಕನಿಗೆ ತಡೆಯಲಾಗಲಿಲ್ಲ.

“ಅಣ್ಣಾ, ನಿಮ್ಮ ಹಾಜರಿ ತಾನಾಗೇ ಬೀಳ್ತಿದೆ. ಅತ್ತಿಗೇನ ಕರ್ಕೊಂಡು ಸುಮ್ನೆ ರೈಲು ಹತ್ತಿ. ನೀರು ನಾನು ಹಾಕ್ತೀನಿ.”

“ಮಂಜೂರಾಗದೆ ಹೇಗಮ್ಮಾ ಹೋಗೋದು?”

“ಅಯ್ಯೋ, ನೀವು ಇಲ್ಲಿ ಇರೋದಕ್ಕೇ ಈಗ ಮಂಜೂರಾತಿ ಇಲ್ಲ! ಸಂದರ್ಶಕರಿಗೆ ಯಾರಾದ್ರೂ ರಜೆ ಕೊಡ್ತಾರಾ?”

ಗುಮಾಸ್ತರು ಆ ರಾತ್ರಿಯೆಲ್ಲ ಅದನ್ನೇ ಯೋಚಿಸಿದರು. ಬಾಗಿಲ ಹತ್ತಿರ ಪೆಟ್ಟಿಗೆ ಇತ್ತು. ಹೆಂಡತಿ ಅದರ ಮೇಲೆ ಎರಡು ಬಿಸಿಲುಟೋಪಿ ಇಟ್ಟಿದ್ದಳು, ಒಂದು ಅವರ ತಲೆಯ ಅಳತೆಯದು. ಹೋಗಬೇಕೆಂದು ಅವರಿಗೆ ನಿಜವಾಗಿಯೂ ಆಸೆಯಾಯಿತು. ಎಷ್ಟು ಆಸೆಯೆಂದರೆ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವರು ಮೇಲಿನವರಿಗೆ ಪ್ರಶ್ನೆಯೊಂದನ್ನು ಕೇಳುವ ಧೈರ್ಯ ಮಾಡಿದರು. ಬೇರೆ ಯಾರೇ ಆಗಿದ್ದರೂ ರೈಲು ಹತ್ತುತ್ತಿದ್ದರು. ಗುಮಾಸ್ತರು ಸ್ಪಷ್ಟೀಕರಣ ಕೋರಿದರು.

“ಮಾನ್ಯರೇ, ನನ್ನ ಮೇಜಿನ ಮೇಲಿನ ಯಂತ್ರವು ಪ್ರತಿದಿನ ನನ್ನ ಹೆಸರಿನಲ್ಲಿ ಹಾಜರಿರುವುದರಿಂದ, ನಾನು ಎಂಟು ದಿನ ಸಮುದ್ರಕ್ಕೆ ಹೋದರೆ ಅದು ರಜೆಯೋ ಅಲ್ಲವೋ, ರಜೆಯಾದರೆ ಯಾರದು ಎಂಬುದನ್ನು ತಿಳಿಸಬೇಕಾಗಿ ವಿನಂತಿ.”

ಕಡತ ನಾಲ್ಕು ಮಹಡಿ ಹತ್ತಿತು. ಹತ್ತಿದಲ್ಲೆಲ್ಲ ಅದಕ್ಕೊಂದು ಟಿಪ್ಪಣಿ ಸೇರಿತು, ಒಂದೊಂದು ಹನಿ ಎಣ್ಣೆಯೂ ಬಿತ್ತು. ಗುಮಾಸ್ತರು ಅರ್ಜಿ ಕೊಟ್ಟರೇ ಹೊರತು ಯಾರನ್ನೂ ಕಾಡಲಿಲ್ಲ. ಹೆಂಡತಿ ದಿನಾ ಸಂಜೆ “ಬಂತಾ?” ಎನ್ನುತ್ತಿದ್ದಳು. ಇವರು “ಮೂರನೇ ಮಹಡಿ” ಎನ್ನುತ್ತಿದ್ದರು.

ರೈಲಿನ ಹಿಂದಿನ ದಿನ, ಬುಧವಾರ ಮಧ್ಯಾಹ್ನ, ಹಿಂಬರಹ ಬಂತು. ಅಧೀಕ್ಷಕರೇ ಎದ್ದು ನಿಂತು ಓದಿದರು.

“ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಕೋರಿದ ಎಂಟು ದಿನಗಳ ರಜೆಯನ್ನು ಸಂತೋಷದಿಂದ ಮಂಜೂರು ಮಾಡಲಾಗಿದೆ.”

ಟೈಪಿಸ್ಟ್ ಅಕ್ಕ ಚಪ್ಪಾಳೆ ತಟ್ಟಿದಳು. ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು.

“ರಜೆಯು ಹಾಜರಿಯಲ್ಲಿರುವವರಿಗೆ ಮಾತ್ರ ಸಲ್ಲುವುದರಿಂದ,” ಅಧೀಕ್ಷಕರು ಮುಂದುವರಿಸಿದರು, “ಸದರಿ ರಜೆ ಯಂತ್ರಕ್ಕೆ ಸಲ್ಲುತ್ತದೆ. ಅರ್ಜಿಯಲ್ಲಿ ಸ್ಥಳ ಸಮುದ್ರವೆಂದು ನಮೂದಾಗಿರುವುದರಿಂದ ಯಂತ್ರವು ಸಮುದ್ರಕ್ಕೇ ಹೋಗತಕ್ಕದ್ದು. ಅದರ ಅನುಪಸ್ಥಿತಿಯಲ್ಲಿ ಮೇಜು ಖಾಲಿ ಬೀಳದಂತೆ, ಪ್ರತಿದಿನ ಕಚೇರಿಗೆ ಬರುತ್ತಿರುವ ಸಂದರ್ಶಕರೊಬ್ಬರನ್ನು ಎಂಟು ದಿನಗಳ ಅವಧಿಗೆ ಪ್ರಭಾರ ಯಂತ್ರವಾಗಿ ನೇಮಿಸಲಾಗಿದೆ.”

ಯಂತ್ರ ಕುಂಯ್ ಎಂದಿತು. ಗುಮಾಸ್ತರು ಅಭ್ಯಾಸಬಲದಿಂದ ಎದ್ದು ನೀರು ಹಾಕಿದರು.

“ಆದೇಶದಲ್ಲಿ ತಪ್ಪಿದೆ ಅನ್ಸುತ್ತಾ ನಿಮಗೆ?” ಎಂದು ಕೇಳಿದರು ಅಧೀಕ್ಷಕರು, ಕೊಂಚ ಆತಂಕದಿಂದ.

ಗುಮಾಸ್ತರು ಕಾಗದವನ್ನು ಎರಡು ಸಲ ಓದಿದರು. ಸಂಖ್ಯೆ ಇತ್ತು, ದಿನಾಂಕ ಇತ್ತು, ಮೊಹರು ನೇರವಾಗಿ ಬಿದ್ದಿತ್ತು. “ಇಲ್ಲ ಸಾರ್, ಸರಿಯಾಗೇ ಇದೆ,” ಎಂದು ರುಜು ಹಾಕಿ, ಕೆಳಗೆ ಗಂಟೆ ಬರೆದರು.

ಮನೆಗೆ ಬಂದಾಗ ಅವರ ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಯಂತ್ರವಿತ್ತು. ಹೆಂಡತಿ ಆದೇಶವನ್ನು ಓದಿದಳು. ಆಮೇಲೆ ಯಂತ್ರದ ಕಡೆ ತಿರುಗಿ ನೋಡಿದಳು.

“ಇದು ಗೊರಕೆ ಹೊಡೆಯುತ್ತಾ?”

“ಇಲ್ಲ. ನೀರು ಮುಗಿದ್ರೆ ಕುಂಯ್ ಅನ್ನುತ್ತೆ ಅಷ್ಟೆ.”

“ಕಿಟಕಿ ಪಕ್ಕದ ಸೀಟು ಬೇಕು ಅನ್ನುತ್ತಾ?”

“ಇಲ್ಲ.”

“ಅಲ್ಲಿ ಹೋದ ಮೇಲೆ, ಕಚೇರಿಯಲ್ಲಿ ಏನಾಯ್ತೋ ಏನೋ ಅಂತ ದಿನಾ ಒರಲುತ್ತಾ?”

ಗುಮಾಸ್ತರು ನೆಲ ನೋಡಿದರು. ಅದು ಇನ್ನೂ ಹೊಳೆಯುತ್ತಿತ್ತು. “ಇಲ್ಲ,” ಎಂದರು.

“ಸರಿ ಹಾಗಾದ್ರೆ,” ಎಂದು ಆಕೆ ದೊಡ್ಡ ಅಳತೆಯ ಟೋಪಿಯನ್ನು ತೆಗೆದು ಯಂತ್ರದ ಮೇಲಿಟ್ಟು ನೋಡಿದಳು. ಸರಿಹೊಂದಿತು.

ಗುರುವಾರ ಬೆಳಿಗ್ಗೆ ಗುಮಾಸ್ತರು ಇಬ್ಬರನ್ನೂ ರೈಲಿನಲ್ಲಿ ಕೂರಿಸಿದರು. ದಿನಕ್ಕೆ ಎರಡು ಲೋಟ ನೀರು, ಐದು ಹನಿ ಎಣ್ಣೆ, ಬಿಸಿಲಲ್ಲಿ ಇಡಬಾರದು ಎಂದು ಹೆಂಡತಿಗೆ ಹೇಳಿದರು. ರೈಲು ಹೊರಡುವವರೆಗೆ ನಿಲ್ಲಲು ಆಗಲಿಲ್ಲ, ಕಚೇರಿಗೆ ತಡವಾಗುತ್ತಿತ್ತು. ತಿರುಗಿ ನೋಡಿದಾಗ ಕಿಟಕಿಯಲ್ಲಿ ಎರಡು ಟೋಪಿಗಳು ಕಂಡವು. ಒಂದು ಅಲುಗಾಡಿತು.

ಕಚೇರಿಯಲ್ಲಿ ಟೈಪಿಸ್ಟ್ ಅಕ್ಕ ಅವರ ಕಾಲರಿಗೆ ನಾಲ್ಕು ಹನಿ ಹಾಕಿ, ಪಕ್ಕದಲ್ಲಿ ಬಿಸಿನೀರಿನ ಕೆಟಲು ಇಟ್ಟಳು. ಹತ್ತೂವರೆಗೆ ಅಧೀಕ್ಷಕರು ಮೂಸುತ್ತ ಬಂದು, ನಿಂತು, “ಪ್ರಭಾರ ಯಂತ್ರ, ಹಾಜರ್” ಎಂದು ಬರೆದುಕೊಂಡರು. ಎಷ್ಟೋ ದಿನದ ಮೇಲೆ ತಾನು ಹಾಜರಾದದ್ದು ಕೇಳಿ ಗುಮಾಸ್ತರಿಗೆ ಒಳಗೊಳಗೇ ಹಿತವಾಯಿತು.

ಬುಧವಾರ ಅಜ್ಜಿ ಬಂದರು. ಸ್ಟೂಲು ಎಳೆದುಕೊಂಡು ಕೂತು ಮೇಲೆ ನೋಡಿದರು.

“ಅದೆಲ್ಲಪ್ಪಾ?”

ಯಂತ್ರ ಮಾತಾಡುವಂತಿಲ್ಲವಾದ್ದರಿಂದ ಗುಮಾಸ್ತರು ಸುಮ್ಮನಿದ್ದರು. ಟೈಪಿಸ್ಟ್ ಅಕ್ಕ ಉತ್ತರಿಸಿದಳು. “ರಜೆ ಮೇಲೆ ಹೋಗಿದೆ ಅಜ್ಜಿ. ಸಮುದ್ರಕ್ಕೆ.”

“ಹೋಗಿ ಬರಲಿ ಬಿಡಮ್ಮಾ, ಪಾಪ. ಒಂದು ದಿನಾನೂ ಕೂತ ಜಾಗ ಬಿಟ್ಟು ಎದ್ದಿದ್ದಿಲ್ಲ.” ಅಜ್ಜಿ ಗುಮಾಸ್ತರನ್ನು ಮೇಲಿಂದ ಕೆಳಗೆ ನೋಡಿದರು. “ಇವರು ಹೊಸಬರಾ?”

“ತಾತ್ಕಾಲಿಕ.”

“ಪರವಾಗಿಲ್ಲ, ಇವರೂ ಚೆನ್ನಾಗಿ ಕೇಳಿಸ್ಕೊಳ್ತಾರೆ,” ಎಂದು ಅಜ್ಜಿ ಚರಂಡಿಯ ಕತೆಯನ್ನು ಮೊದಲಿಂದ ಶುರುಮಾಡಿದರು.

ಅವರು ಹೋದ ಮೇಲೆ ಟಪಾಲಿನಲ್ಲಿ ಒಂದು ಕಾರ್ಡು ಬಂತು. ವಿಳಾಸ: ಪ್ರಭಾರ ಯಂತ್ರ, ದೂರು ಶಾಖೆ. ಹೆಂಡತಿಯ ಅಕ್ಷರ.

“ಸಮುದ್ರ ನಿಜವಾಗಿಯೂ ದೊಡ್ಡದಿದೆ. ಚಿಪ್ಪಿನಲ್ಲಿ ಕೇಳಿಸುತ್ತಿದ್ದದ್ದು ಏನೂ ಅಲ್ಲ. ಇದಕ್ಕೂ ಹಿಡಿಸಿದೆ, ಬಂದಾಗಿನಿಂದ ಒಂದು ಸಲವೂ ಕುಂಯ್ ಅಂದಿಲ್ಲ. ಸಂಜೆ ಇಬ್ಬರೂ ಮರಳ ಮೇಲೆ ಕೂರುತ್ತೇವೆ. ನೀವು ನೀರು ಕುಡಿಯುವುದು ಮರೆಯಬೇಡಿ.”

ಗುಮಾಸ್ತರು ಅದನ್ನು ಎರಡು ಸಲ ಓದಿದರು. ಸ್ವೀಕೃತಿಯ ದಿನಾಂಕ ಹಾಕಿ, ಯಂತ್ರದ ರಜೆಯ ಕಡತದಲ್ಲಿ ಸೇರಿಸಿ, ದಾರ ಕಟ್ಟಿದರು. ಆಮೇಲೆ ಹೂಜಿಯಿಂದ ಎರಡು ಲೋಟ ನೀರು ಬಗ್ಗಿಸಿಕೊಂಡು ಕುಡಿದು, ನೆಟ್ಟಗೆ ಕೂತು, ನಿಧಾನವಾಗಿ ಒಂದು ದೊಡ್ಡ ಉಸಿರು ಬಿಟ್ಟರು.

ಹಿಂದಿನಿಂದ ಹಾದುಹೋಗುತ್ತಿದ್ದ ಅಧೀಕ್ಷಕರು ನಿಂತರು. ಕಣ್ಣು ಮುಚ್ಚಿದರು.

“ಆಹಾ,” ಎಂದರು, “ಇವತ್ತು ಯಂತ್ರ ಬಹಳ ಚೆನ್ನಾಗಿ ಕೆಲಸ ಮಾಡ್ತಿದೆ.”